ಇತರೆ

ಆಗಸ್ಟ್ ಮೂರು. ಕಕ್ಕಡ ಹದಿನೆಂಟು.
ಬಾಳೆಲೆಯಲ್ಲಿ ಬಸ್ಸಿಳಿದಾಗ ಚೀಲದಲ್ಲಿ ಎರಡು ಕಟ್ಟು:
ನೀಲಿ ನಮೂನೆ ತೋಟದ ಮನೆಗೆ, ಹಳದಿ ಲೈನಿಗೆ.
ಪ್ರಶ್ನೆಗಳು ಅವೇ, ಅರವತ್ತೆರಡು.
ಮನೆಯೊಂದಕ್ಕೆ ನನಗೆ ನಲವತ್ತು ರೂಪಾಯಿ,
ಯಾವ ಬಣ್ಣಕ್ಕಾದರೂ ಒಂದೇ ದರ.

ಬೊಳ್ಳಮ್ಮ ಕೈಯಾಲೆಯಲ್ಲಿ ಕುರ್ಚಿ ಎಳೆದರು.
"ಪೆಮ್ಮಿಯ ಮಗಳಲ್ಲವಾ ನೀನು? ಕೂರು, ಕೂರು."
ಈ ಕುರ್ಚಿ ನನಗೆ ಗೊತ್ತು.
ಏಳನೇ ಕ್ಲಾಸಿನ ರಜೆಯಲ್ಲಿ ಇದರ ನಾಲ್ಕು ಕಾಲೂ ಒರೆಸಿದ್ದೇನೆ.
ಕೂತರೆ ತೋಟ ಇಷ್ಟು ದೂರದವರೆಗೆ ಕಾಣುತ್ತದೆಂದು
ಗೊತ್ತಿರಲಿಲ್ಲ.

ಹುಟ್ಟಿದ ವರ್ಷ? ಐವತ್ತೆಂಟು.
ಕಾನ್ವೆಂಟಿನ ಸರ್ಟಿಫಿಕೇಟಿದೆ, ತರಲಾ?
ಜಮೀನು? ಜಮ್ಮ ಹದಿನೆಂಟು ಎಕರೆ, ಕೊಂಡದ್ದು ಮೂವತ್ತು.
ಕೋವಿ? ಎರಡು.
ಮಕ್ಕಳು?
ಇಬ್ಬರು ಎಂದರು. ತಡೆದು, ಒಬ್ಬಳು ಎಂದರು.
ಗೋಡೆಯಲ್ಲಿ ಸಮವಸ್ತ್ರದ ಹುಡುಗ.
ಫೋಟೋಕ್ಕೆ ಹಾರ ಹಾಕಲು ಇವರು ಯಾರನ್ನೂ ಬಿಟ್ಟಿಲ್ಲ.
ಪಿಂಚಣಿ ಬರುತ್ತದೆ, ಒಂದನೇ ತಾರೀಖು, ತಪ್ಪದೆ.
ಕಾಲಂ ಮೂವತ್ತೊಂದು: ಹೌದು.

ಒಳಗಿನಿಂದ ಮದ್ದುಸೊಪ್ಪಿನ ಪಾಯಸ ಬಂತು.
ನನಗೆ ಸ್ಟೀಲು ಬಟ್ಟಲು. ಅವರಿಗೂ ಸ್ಟೀಲೇ.
ನಾನು ನೋಡಿದೆ.
ನಾನು ನೋಡಿದ್ದನ್ನು ಅವರು ನೋಡಿದರು.
ಇಬ್ಬರೂ ಸೊಪ್ಪಿನ ಹದಿನೆಂಟು ಮದ್ದಿನ ಗುಣ ಹೊಗಳಿದೆವು.

ಲೈನಿಗೆ ಇನ್ನೂರು ಹೆಜ್ಜೆ, ಇಳಿಜಾರು.
ಚಾತೆ ದೊಡ್ಡವ್ವ ಒಲೆಯ ಮುಂದೆ ಕೂತಿದ್ದಳು.
ಮುಂಡಿಗೆಡ್ಡೆ ಸುಲಿಯುತ್ತ, ನನ್ನ ಕನ್ನಡಕ್ಕೆ ನಗುತ್ತ.
"ನಮ್ಮ ಮಾತಲ್ಲಿ ಕೇಳು ಮಗಾ, ಕಾಗದಕ್ಕೆ ಕಿವಿಯಿಲ್ಲ."

ಹುಟ್ಟಿದ ವರ್ಷ?
ಬೊಳ್ಳಮ್ಮನಿಗಿಂತ ಒಂದು ನಾಟಿ ಮೊದಲು.
ದಾಖಲೆ?
"ಅವರನ್ನೇ ಕೇಳು."
ಜಮೀನು?
ಕೈಯ ಚೂರಿ ನಿಂತಿತು.
"ನಮ್ಮಜ್ಜನ ಕಾಲದಲ್ಲಿ ನಾವೂ ಜಮ್ಮವೇ.
ಅವರಿಗೆ ಭೂಮಿ ಜಮ್ಮ. ಆ ಭೂಮಿಗೆ ನಾವು ಜಮ್ಮ."
ಬರೆಯಲು ಕಾಲಂ ಹುಡುಕಿ, ಸೊನ್ನೆ ಹಾಕಿದೆ.

ಕೋವಿ?
"ಇಲ್ಲ ಅಂತ ಆನೆಗೆ ಗೊತ್ತು."
ಮಕ್ಕಳು?
ಐವರು, ಮೂವರು, ಕೊನೆಗೆ ಇಬ್ಬರು.
ತೋಲನನ್ನು ಆನೆ ಹಿಡಿದದ್ದು ಬೆಳಿಗ್ಗೆ ಆರೂವರೆಗೆ,
ಕೆಲಸದ ದಾರಿಯಲ್ಲಿ, ಹಾಜರಿ ಹಾಕುವ ಮೊದಲು.
ಹಾಜರಿಯಿಲ್ಲದ್ದಕ್ಕೆ ಅವತ್ತಿನ ಕೂಲಿ ಇಲ್ಲ.
ಪರಿಹಾರದ ಫೈಲು ವಿರಾಜಪೇಟೆಯಲ್ಲಿದೆ, ಮೂರು ವರ್ಷದಿಂದ.
ಅವನ ಫೋಟೋ ಇದ್ದದ್ದು ವೋಟಿನ ಕಾರ್ಡಿನಲ್ಲಿ ಮಾತ್ರ.
ಕಾರ್ಡು ಫೈಲಿನೊಳಗಿದೆ.
"ಮುಖ ಮರೆಯುತ್ತಾ ಬಂತು," ಎಂದಳು,
ಗೆಡ್ಡೆಯ ಸಿಪ್ಪೆ ಬೂದಿಗೆ ಹಾಕಿದಳು.

ಪ್ರಶ್ನೆ ಹದಿನಾಲ್ಕು ಬಿಟ್ಟುಹೋಗಿತ್ತು: ಮನೆ ಯಾರದು?
ಸ್ವಂತ, ಬಾಡಿಗೆ, ಇತರೆ.
ಐವತ್ತು ಮಳೆಗಾಲ ಸೆಗಣಿ ಬಳಿದ ನೆಲಕ್ಕೆ
ಇತರೆ ಎಂದು ಗುರುತು ಹಾಕಿದೆ.
"ನಿನ್ನದು?" ಎಂದು ಕೇಳಿದಳು.
ಗೋಣಿಕೊಪ್ಪದಲ್ಲಿ ಬಾಡಿಗೆ ಕೋಣೆ, ದೊಡ್ಡವ್ವಾ.
ಓನರು ಜಾತಿ ಕೇಳಿದಾಗ
ಬಾಯಿಗೆ ಬಂದ ಬೇರೆಯದನ್ನು ಹೇಳಿದ್ದೇನೆ
ಎಂಬುದನ್ನು ಹೇಳಲಿಲ್ಲ.

ಬೆಳಗಿನ ಜಾವ ತೋಡಿನ ಬದಿಯಲ್ಲಿ
ದೊಡ್ಡಮನೆಗೆಂದು ಮದ್ದುಸೊಪ್ಪು ಕೊಯ್ದವಳು ಇವಳೇ.
ಉಳಿದ ಹಿಡಿಯನ್ನು ಬೆಲ್ಲ ಹಾಕಿ ಕುದಿಸಿಟ್ಟಿದ್ದಳು.
ಎರಡನೇ ಸಲ ಕುಡಿದೆ.
ಈ ಸಲ ಪಾತ್ರೆ ಯಾವುದೆಂದು ನೋಡಲಿಲ್ಲ.

ಸಂಜೆ ಮೈಸೂರಿನ ಮೇಡಂ ಫೋನು:
"ಎರಡು ಗುಂಪಿಗೂ ಸಮಾನವಾದದ್ದು ಏನಾದರೂ ಸಿಕ್ಕಿದರೆ
ಕೊನೆಯ ಪುಟದಲ್ಲಿ ಬರೆಯಿರಿ. ವರದಿಗೆ ಬೇಕು."

ಬಸ್‌ಸ್ಟ್ಯಾಂಡಿನ ಹಿಂದೆ ಕೂತಾಗ ಕಂಡಿತು, ಕೆಂಪಗೆ.
ಮದ್ದು ಮೈಗೆ ಹಿಡಿದ ಗುರುತು.
ಈ ಹೊತ್ತಿಗೆ ಬೊಳ್ಳಮ್ಮನದೂ ಕೆಂಪು,
ಲೈನಿನ ಹಿಂದಿನ ಪೊದೆಯಲ್ಲಿ ಚಾತೆಯದೂ ಕೆಂಪು.
ನಗು ಬಂತು. ಪೆನ್ನು ತೆಗೆದೆ.

ಮತ್ತೆ ಮುಚ್ಚಿಟ್ಟೆ.
ಬರೆದರೆ
ಅದೊಂದನ್ನೇ ಓದುತ್ತಾರೆ.